ಖಾಲಿ ಬಿಡಬಾರದ ಒಂದು ಗಂಟೆ

ಅಪ್ಪಯ್ಯನ ಎದೆಗೆ ಯಂತ್ರ ಕಟ್ಟಿಸಿಕೊಂಡು ಮನೆಗೆ ಬಂದ ದಿನ ನಾನು ಒಂದೇ ಭಾಷಣವನ್ನು ಮೂರು ಸಲ ಮಾಡಿದೆ. ಇಪ್ಪತ್ತನಾಲ್ಕು ಗಂಟೆ ಇದನ್ನು ಬಿಚ್ಚುವ ಹಾಗಿಲ್ಲ, ನೀರು ತಾಗಿಸುವ ಹಾಗಿಲ್ಲ, ಒಂದು ನಿಮಿಷವೂ ಖಾಲಿ ಬಿಡುವ ಹಾಗಿಲ್ಲ. ಪ್ಯಾರೀಸ್ ಕಾರ್ನರ್ ಹತ್ತಿರದ ವಿಮಾ ಕಚೇರಿಯಲ್ಲಿ ನನ್ನ ಕೆಲಸ. "ಕಾಲಂ ಖಾಲಿ ಬಿಡಬೇಡಿ" ಅಂತ ದಿನವಿಡೀ ಜನರಿಗೆ ಹೇಳಿ ಹೇಳಿ ಪಳಗಿದ ಬಾಯಿ ನನ್ನದು. ಮನೆಗೆ ಬಂದ ಮೇಲೂ ಅದು ಸುಮ್ಮನಿರುವುದಿಲ್ಲ. ನನ್ನ ಸಿಟ್ಟು, ನನ್ನ ಗಾಬರಿ, ಎರಡೂ ಹೊರಗೆ ಬರುವುದು ಒಂದೇ ದನಿಯಲ್ಲಿ, ಹಾಗಾಗಿ ನನಗೆ ಹೆದರಿಕೆಯಾದಾಗ ಮನೆಯವರಿಗೆಲ್ಲ ಬೈಗುಳ ಗ್ಯಾರಂಟಿ.

ಆ ವಾರ ನನಗೆ ತುಂಬಾ ಹೆದರಿಕೆಯಾಗಿತ್ತು. ಪುರಸೈವಾಕ್ಕಂನ ಪಾತ್ರೆ ಅಂಗಡಿಯಲ್ಲಿ ಕುಕ್ಕರಿಗೆ ರಬ್ಬರು ಕೊಳ್ಳುತ್ತಾ ನಿಂತಿದ್ದ ಅಪ್ಪಯ್ಯ ನಿಂತಲ್ಲೇ ಕುಸಿದಿದ್ದರು. ಅಂಗಡಿಯವರು ಸೋಡಾ ಕುಡಿಸಿ, ಆಟೋದಲ್ಲಿ ಕೂರಿಸಿ ಮನೆಗೆ ಕಳುಹಿಸಿದರು. ಮೆಟ್ಟಿಲು ಹತ್ತಿ ಬಂದವರೇ ಅಪ್ಪಯ್ಯ ಹೇಳಿದ ಮೊದಲ ಮಾತು, "ರಬ್ಬರು ಅಲ್ಲೇ ಬಿಟ್ಟು ಬಂದೆ." ಹಣೆಯ ಮೇಲೆ ನಿಂಬೆಹಣ್ಣಿನ ಗಾತ್ರದ ಬುಗುಟು. ಎಪ್ಪತ್ತಾರು ವರ್ಷದ ಮನುಷ್ಯ.

ಅಪ್ಪಯ್ಯ ಕನ್ನಡ ಕರಾವಳಿಯಿಂದ ಹದಿನೇಳನೇ ವಯಸ್ಸಿಗೆ ಈ ತಮಿಳು ಊರಿಗೆ ಬಂದವರು. ಸಸ್ಯಾಹಾರಿ ಹೋಟೆಲೊಂದರಲ್ಲಿ ಉಗ್ರಾಣ ನೋಡಿಕೊಳ್ಳುತ್ತಾ ನಲವತ್ತು ವರ್ಷ ಕಳೆದರು. ಎಲ್ಲರೂ ಏಳುವ ಮೊದಲು ಎದ್ದು, ತಲೆಗೆ ನೀರು ಸುರಿದುಕೊಂಡು, ಪೂಜೆ ಮುಗಿಸಿದ ಮೇಲೇ ಅವರಿಗೆ ಒಂದು ಲೋಟ ಕಾಫಿ. ಕೆಲಸ ಬಿಟ್ಟ ಮೇಲೂ ಈ ಕ್ರಮ ತಪ್ಪಿಲ್ಲ. ಜ್ವರ ಬಂದಾಗಲೂ ಸ್ನಾನ, ಊರಿಗೇ ನೀರಿಲ್ಲದ ಬೇಸಿಗೆಯಲ್ಲೂ ಎರಡು ಚೊಂಬಿನಲ್ಲಿ ಸ್ನಾನ. ನಮ್ಮ ಮನೆಯಲ್ಲಿ ಗಡಿಯಾರ ನಿಂತರೂ ಅಪ್ಪಯ್ಯನ ಪೂಜೆಯ ಗಂಟೆ ಕೇಳಿ ಸಮಯ ಸರಿಮಾಡಿಕೊಳ್ಳಬಹುದಿತ್ತು.

ಹೃದಯದ ಡಾಕ್ಟರು ನನ್ನ ವಯಸ್ಸಿನ ಹೆಂಗಸು. ಆಸ್ಪತ್ರೆಯಲ್ಲಿ ಒಮ್ಮೆ ಇಸಿಜಿ ತೆಗೆದರು, ಎಲ್ಲ ಸರಿಯಾಗಿತ್ತು. "ಇದು ಫೋಟೋ ಇದ್ದ ಹಾಗೆ, ಆ ಕ್ಷಣದ್ದು ಮಾತ್ರ. ನನಗೆ ಇಡೀ ದಿನದ್ದು ಬೇಕು" ಅಂದರು. ತಲೆ ತಿರುಗಿ ಬಿದ್ದವರ ಹೃದಯ ಆಗಾಗ ಬಡಿಯುವುದನ್ನೇ ಮರೆಯುತ್ತದಂತೆ. ಮೂರು ಸೆಕೆಂಡು, ನಾಲ್ಕು ಸೆಕೆಂಡು ಸುಮ್ಮನಿದ್ದು ಮತ್ತೆ ಶುರುಮಾಡುತ್ತದಂತೆ. ಒಂದೊಂದು ಸಲ ಶುರುಮಾಡುವುದಿಲ್ಲ. ಇದನ್ನು ಅವರು ಬಹಳ ಮೆಲ್ಲಗೆ, ನನ್ನ ಮುಖ ನೋಡಿಕೊಂಡು ಹೇಳಿದರು.

ಗುರುವಾರ ಬೆಳಗ್ಗೆ ಹತ್ತಕ್ಕೆ ಯಂತ್ರ ಕಟ್ಟಿದರು. ಬೆಂಕಿಪೊಟ್ಟಣಕ್ಕಿಂತ ಕೊಂಚ ದೊಡ್ಡ ಡಬ್ಬಿ. ಅದರಿಂದ ಹೊರಟ ಐದು ಬಣ್ಣದ ತಂತಿಗಳು, ಒಂದೊಂದರ ತುದಿಗೂ ಟಿಚ್ಚು ಬಟನ್. ಎದೆಯ ಮೇಲೆ ಐದು ಕಡೆ ಅಂಟುಬಿಲ್ಲೆ ಅಂಟಿಸಿ, ಅವುಗಳ ಮೇಲೆ ಬಟನ್ನುಗಳನ್ನು ಟಕ್ ಟಕ್ ಎಂದು ಕೂರಿಸಿದರು. ಡಬ್ಬಿಯಲ್ಲಿ ಹಸಿರು ದೀಪ ಮಿನುಗತೊಡಗಿತು. ಕಟ್ಟಿದ ಹುಡುಗಿ ಚುರುಕು, ನನ್ನ ಪ್ರಶ್ನೆಗಳಿಗೆಲ್ಲ ಬೇಸರವಿಲ್ಲದೆ ಉತ್ತರಿಸಿದಳು. ಔಷಧಿ ಸಾಗಿಸುವ ಲಾರಿಗಳಲ್ಲಿ ತಂಪು ಎಷ್ಟಿದೆ ಅಂತ ತಾನಾಗಿ ಬರೆದುಕೊಳ್ಳುವ ಡಬ್ಬಿ ಇರುತ್ತದಲ್ಲ, ಇದೂ ಅದೇ ಜಾತಿ ಎಂದಳು. ಇದಕ್ಕೆ ಒಳ್ಳೆಯದು ಕೆಟ್ಟದ್ದು ಗೊತ್ತಿಲ್ಲ, ತಂತಿಯಲ್ಲಿ ಬಂದದ್ದನ್ನು ಬರೆದುಕೊಳ್ಳುತ್ತಾ ಹೋಗುತ್ತದೆ, ಓದುವುದು ಆಮೇಲೆ ನಾವು. ಬೆವರಿಗೆ ಬಿಲ್ಲೆ ಬಿದ್ದರೆ ಇರಲಿ ಎಂದು ಹೆಚ್ಚಿಗೆ ಐದು ಬಿಲ್ಲೆಗಳನ್ನು ಒಂದು ಕವರಿನಲ್ಲಿ ಹಾಕಿ ಕೊಟ್ಟಳು. ಜೊತೆಗೆ ಒಂದು ಹಾಳೆ. ಯಾವ ಹೊತ್ತಿಗೆ ಏನು ಮಾಡಿದಿರಿ ಎಂದು ಅದರಲ್ಲಿ ಬರೆಯಬೇಕು, ಊಟ, ನಡಿಗೆ, ನಿದ್ದೆ, ತಲೆಸುತ್ತು.

"ಸ್ನಾನ?" ಅಂತ ಅಪ್ಪಯ್ಯ ಕೇಳಿದರು.

"ಇಲ್ಲೈ ತಾತಾ, ನಾಳೈಕ್ಕು ವಂದು ಕಳಟ್ಟಿನ ಅಪ್ಪುರಂ" ಎಂದಳು ಹುಡುಗಿ, ನಾಳೆ ಬಂದು ಬಿಚ್ಚಿಸಿಕೊಂಡ ಮೇಲೆಯೇ.

ಆಟೋದಲ್ಲಿ ದಾರಿಯುದ್ದಕ್ಕೂ ಅಪ್ಪಯ್ಯನದು ಅದೇ ಮಾತು. "ನಾಳೆ ಶುಕ್ರವಾರ ಬೇರೆ. ಸ್ನಾನ ಇಲ್ದೆ ದೇವರ ಹತ್ರ ಹೇಗೆ ಹೋಗುದು?"

"ಒಂದು ದಿನ ದೇವರೂ ಉಪವಾಸ ಇರ್ತಾನೆ ಅಪ್ಪಯ್ಯ. ನೀವು ಏಕಾದಶಿಗೆ ಇರುದಿಲ್ವಾ?"

"ನಾನು ಇರ್ಬಹುದು. ಅವನನ್ನು ಉಪವಾಸ ಹಾಕುದು ಹೇಗೆ?"

"ನೀವು ಬಿದ್ದು ಹೋದ್ರೆ ಅವನಿಗೆ ದಿನಾ ಉಪವಾಸ" ಎಂದೆ. ಹೇಳಿದ ಮೇಲೆ ನನಗೇ ನಾಲಿಗೆ ಕಚ್ಚಿಕೊಳ್ಳುವಂತಾಯಿತು. ಅಪ್ಪಯ್ಯ ರಸ್ತೆ ನೋಡುತ್ತಾ ಕೂತರು.

ಮನೆಯಲ್ಲಿ ಅಮ್ಮ ಬಾಗಿಲಲ್ಲೇ ಕಾಯುತ್ತಿದ್ದಳು. ಎಪ್ಪತ್ತಾದರೂ ಅವಳು ಕೂತದ್ದನ್ನು ನಾನು ನೋಡಿದ್ದು ಕಡಿಮೆ. ನಾವಿರುವುದು ಎರಡನೇ ಮಹಡಿ, ಲಿಫ್ಟಿಲ್ಲ. ಹೂವು, ಹಾಲು, ಸೊಪ್ಪು ಎಂದು ದಿನಕ್ಕೆ ನಾಲ್ಕು ಸಲ ಹತ್ತಿ ಇಳಿಯುವವಳು ಅವಳೇ. ನನ್ನ ಗಂಡ ಹಡಗಿನ ಕೆಲಸದವರು, ವರ್ಷದಲ್ಲಿ ಅರ್ಧ ಸಮುದ್ರದ ಮೇಲೆ. ನನ್ನ ಮಗಳಿಗೆ ಹತ್ತನೇ ತರಗತಿ. ಅವಳು ಅಪ್ಪಯ್ಯನ ಬನಿಯನ್ನಿನೊಳಗೆ ಇಣುಕಿದ ತಂತಿಗಳನ್ನು ಕಂಡು, "ತಾತಾ, ನೀಂಗ ರೋಬೋ ಮಾದಿರಿ ಇರುಕ್ಕೀಂಗ!" ಎಂದು ನಕ್ಕಳು, ರೋಬೋ ಥರ ಇದ್ದೀರಿ ಅಂತ. ಕನ್ನಡದಲ್ಲಿ ಬೈದರೂ ತಮಿಳಿನಲ್ಲೇ ನಗುವ ಹುಡುಗಿ. ಅಪ್ಪಯ್ಯನೂ ನಕ್ಕರು. ನಾನು ಮಾತ್ರ ನಗಲಿಲ್ಲ, ಡಬ್ಬಿಯ ಹಸಿರು ದೀಪ ನೋಡುತ್ತಿದ್ದೆ.

ಹಾಳೆ ಬರೆಯುವ ಕೆಲಸ ಅಮ್ಮನಿಗೆ ಕೊಟ್ಟೆ. ಅಪ್ಪಯ್ಯನ ಕೈ ನಡುಗುತ್ತದೆ, ಅಮ್ಮನ ಕನ್ನಡ ಅಕ್ಷರ ದುಂಡಗೆ. "ಎಂತ ಬರೀಬೇಕು?" ಅಂದಳು. "ಇವರು ಎಂತ ಮಾಡ್ತಾರೋ ಅದು. ಯಾವ ಗಂಟೆಯೂ ಖಾಲಿ ಬಿಡ್ಬಾರ್ದು. ಮಿಷನ್ನೂ ಅಷ್ಟೇ, ಒಂದು ನಿಮಿಷ ಖಾಲಿ ಹೋಯ್ತೋ, ಇಡೀ ದಿನದ್ದು ದಂಡ. ಮತ್ತೆ ಮೊದಲಿಂದ ಕಟ್ಬೇಕು" ಎಂದೆ. ಇದು ಡಾಕ್ಟರು ಹೇಳಿದ ಮಾತಲ್ಲ. ಅಪ್ಪಯ್ಯನಿಗೆ ಹೆದರಿಕೆ ಇರಲಿ ಎಂದು ನಾನೇ ಸೇರಿಸಿದ್ದು.

ಆ ದಿನ ಆಫೀಸಿನಿಂದ ನಾನು ಏಳು ಸಲ ಫೋನು ಮಾಡಿದೆ. "ದೀಪ ಮಿನುಗ್ತಾ ಉಂಟಾ?" ಅಮ್ಮ ಪ್ರತಿ ಸಲವೂ ಹೋಗಿ ನೋಡಿ ಬಂದು, "ಉಂಟು ಮಾರಾಯ್ತಿ, ಮಿನುಗ್ತಾ ಉಂಟು" ಅನ್ನುತ್ತಿದ್ದಳು. ಏಳನೇ ಸಲಕ್ಕೆ ಅವಳೇ, "ನೀನು ಹೀಗೆ ಮಾಡಿದ್ರೆ ನಿಂಗೂ ಒಂದು ಡಬ್ಬಿ ಕಟ್ಬೇಕಾಗ್ತದೆ" ಎಂದಳು.

ಶುಕ್ರವಾರ ಬೆಳಗ್ಗೆ ಎದ್ದಾಗ ಅಪ್ಪಯ್ಯ ಕುರ್ಚಿಯಲ್ಲಿ ಪೇಪರು ಹಿಡಿದು ಕೂತಿದ್ದರು. ಸ್ನಾನವಿಲ್ಲ, ಪೂಜೆಯಿಲ್ಲ, ಕಾಫಿಯಿಲ್ಲ. ಒಂದು ಗೊಣಗಾಟವೂ ಇಲ್ಲ. "ಹತ್ತು ಗಂಟೆ ತನಕ ಅಷ್ಟೆ ಅಲ್ವಾ? ಕೂತ್ಕೊಳ್ತೇನೆ. ನೀನು ಹೋಗಿ ಬಾ" ಎಂದರು. ಅತಿ ವಿನಯಂ ಧೂರ್ತ ಲಕ್ಷಣಂ ಅಂತ ಇದೇ ಅಪ್ಪಯ್ಯ ನನಗೆ ಚಿಕ್ಕಂದಿನಲ್ಲಿ ಕಲಿಸಿದ್ದು. ಆದರೆ ಮಗಳ ಸ್ಪೆಷಲ್ ಕ್ಲಾಸಿಗೆ ಹೊತ್ತಾಗಿತ್ತು, "ಅಮ್ಮಾ, ಟೈಮ್ ಆಚ್ಚು" ಎಂದು ಅವಳು ಕೆಳಗಿನಿಂದ ಕೂಗುತ್ತಿದ್ದಳು. ಆರೂವರೆಗೆ ಸ್ಕೂಟರು ಹತ್ತಿದೆ. ಮೆಟ್ರೋ ಕೆಲಸಕ್ಕೆ ರಸ್ತೆ ಅಗೆದು, ಹೋಗುವುದಕ್ಕೊಂದು ಸುತ್ತು, ಬರುವುದಕ್ಕೊಂದು ಸುತ್ತು. ಮರಳಿ ಬಂದಾಗ ಎಂಟಕ್ಕೆ ಕಾಲು ಗಂಟೆ ಇತ್ತು.

ಅಪ್ಪಯ್ಯ ಅದೇ ಕುರ್ಚಿಯಲ್ಲಿ, ಅದೇ ಪೇಪರು. ನಾನು ನೇರವಾಗಿ ಹೋಗಿ ಬನಿಯನ್ ಎತ್ತಿ ನೋಡಿದೆ. ಐದು ತಂತಿ, ಐದು ಬಟನ್ನು, ಹಸಿರು ದೀಪ. ಹಾಳೆಯಲ್ಲಿ ಆರು ಮುಕ್ಕಾಲರಿಂದ ಏಳೂವರೆವರೆಗೆ "ವಿಶ್ರಾಂತಿ" ಎಂದು ಅಮ್ಮನ ದುಂಡಕ್ಷರ. ಸಮಾಧಾನವಾಯಿತು. ಹತ್ತು ಗಂಟೆಗೆ ಯಂತ್ರ ಬಿಚ್ಚಿಸಿ, ಹಾಳೆಯನ್ನು ಇಂಗ್ಲಿಷಿಗೆ ಮಾಡಿ ಕೊಟ್ಟು ಬಂದೆ.

ಶನಿವಾರ ಸಾಯಂಕಾಲ ರಿಪೋರ್ಟು. ಡಾಕ್ಟರು ಪರದೆಯ ಮೇಲೆ ಅಲೆಅಲೆಯಾದ ಗೆರೆಗಳನ್ನು ಓಡಿಸುತ್ತಾ ಇದ್ದಕ್ಕಿದ್ದಂತೆ ನಿಲ್ಲಿಸಿದರು. "ಇಡೀ ದಿನ ಚೆನ್ನಾಗಿದೆ. ನಿದ್ದೆಯಲ್ಲೂ ಚೆನ್ನಾಗಿದೆ. ಆದರೆ ಇಲ್ಲಿ ನೋಡಿ." ಗೆರೆ ಎದ್ದು, ಬಿದ್ದು, ಆಮೇಲೆ ಸಪಾಟಾಗಿ ಹೋಗಿತ್ತು. ಬೆರಳಿನಿಂದ ಅಳೆದು ತೋರಿಸಿದರು. ನಾಲ್ಕು ಸೆಕೆಂಡು. ಸ್ವಲ್ಪ ಮುಂದೆ ಮತ್ತೊಂದು. ಅಲ್ಲಿಂದ ಮುಂದೆ ಇನ್ನೂ ಉದ್ದದ್ದು. ಎಲ್ಲವೂ ಶುಕ್ರವಾರ ಬೆಳಗ್ಗೆ ಆರು ಮುಕ್ಕಾಲರಿಂದ ಏಳೂವರೆಯೊಳಗೆ.

"ಆ ಹೊತ್ತಿನಲ್ಲಿ ಏನು ಮಾಡ್ತಿದ್ದರು?"

"ವಿಶ್ರಾಂತಿ" ಎಂದೆ ನಾನು.

"ಸುಮ್ಮನೆ ಕೂತಾಗಲೇ ಹೀಗಾದರೆ ಕಷ್ಟ." ಡಾಕ್ಟರು ಮತ್ತೆ ಪರದೆ ನೋಡಿದರು. "ಈ ಭಾಗದಲ್ಲಿ ಅಲೆಯ ಆಕಾರವೂ ಸ್ವಲ್ಪ ಬೇರೆ ಇದೆ. ತಂತಿ ಏನಾದರೂ ಬಿಚ್ಚಿದ್ರಾ?"

"ಇಲ್ಲವೇ ಇಲ್ಲ ಡಾಕ್ಟರ್. ನಾನು ಕಣ್ಣಲ್ಲಿ ಕಣ್ಣಿಟ್ಟು ಕಾದಿದ್ದೇನೆ" ಎಂದೆ. ಪಕ್ಕದಲ್ಲಿ ಅಪ್ಪಯ್ಯ ತಲೆ ಬಗ್ಗಿಸಿಕೊಂಡಿದ್ದರು. ಪಾಪ, ಹೆದರಿದ್ದಾರೆ ಎಂದುಕೊಂಡೆ.

ಬೆವರಿಗೆ ಬಿಲ್ಲೆ ಸರಿದಿರಬಹುದು ಎಂದು ಡಾಕ್ಟರು ಆ ಮಾತು ಅಲ್ಲಿಗೇ ಬಿಟ್ಟರು. ಪೇಸ್‌ಮೇಕರ್ ಹಾಕಬೇಕು, ಈಗಲೇ ಸೇರಿಸಿ ಎಂದರು. ಅಪ್ಪಯ್ಯ ಕೈಮುಗಿದು, "ಸೋಮವಾರ ಬರ್ತೇನಮ್ಮ" ಎಂದು ಹಟ ಹಿಡಿದರು. ಡಾಕ್ಟರಿಗೆ ಇಷ್ಟವಿರಲಿಲ್ಲ, ಆದರೂ ಕೊನೆಗೆ ಒಪ್ಪಿದರು. ಒಬ್ಬರನ್ನೇ ಬಿಡಬೇಡಿ, ಬಚ್ಚಲಿನ ಚಿಲಕ ಹಾಕಬಾರದು, ಮನೆ ಸೇರಿದ ಮೇಲೆ ಮೆಟ್ಟಿಲು ಹತ್ತಿ ಇಳಿಯಬಾರದು, ಭಾರ ಎತ್ತಬಾರದು.

ಅಲ್ಲಿಂದ ಮುಂದಿನ ಒಂದು ದಿನ ನನಗೆ ಕಾವಲೇ ಕೆಲಸ. ಅಪ್ಪಯ್ಯ ಕೆಮ್ಮಿದರೆ ನಾನು ಓಡುತ್ತಿದ್ದೆ. ಕೆಮ್ಮದಿದ್ದರೂ ಓಡುತ್ತಿದ್ದೆ. ಕುರ್ಚಿಯಲ್ಲಿ ಕಣ್ಣು ಮುಚ್ಚಿದರೆ ಎದೆ ಏರಿಳಿಯುತ್ತಿದೆಯೋ ಇಲ್ಲವೋ ಎಂದು ಬಾಗಿ ನೋಡುತ್ತಿದ್ದೆ, ಅಷ್ಟರಲ್ಲಿ ಅವರು ಕಣ್ಣು ಬಿಟ್ಟು, "ಇದ್ದೇನೆ" ಅನ್ನುತ್ತಿದ್ದರು. ನಾಲ್ಕು ಸೆಕೆಂಡು ಎಂದರೆ ಎಷ್ಟು ಅಂತ ನಾನು ಮನಸ್ಸಿನಲ್ಲೇ ಎಣಿಸಿ ನೋಡಿದೆ. ಒಂದು, ಎರಡು, ಮೂರು, ನಾಲ್ಕು. ಹಾಲು ಉಕ್ಕುವುದಕ್ಕೆ ಅಷ್ಟು ಸಾಕು.

ಅಮ್ಮನ ಪಾಡು ಇನ್ನೂ ಜೋರು. ಭಾನುವಾರ ಬೆಳಗ್ಗೆ ಅಪ್ಪಯ್ಯ ಸ್ನಾನಕ್ಕೆ ಹೋದಾಗ ಬಿಸಿನೀರಿನ ಕೊಡ ತಾನೇ ಹೊತ್ತಳು. ಬಚ್ಚಲಿನ ಬಾಗಿಲನ್ನು ಒರಗಿಸಿ ಹೊರಗೆ ಗೋಡೆ ಹಿಡಿದು ನಿಂತು, "ಇವ್ರೇ, ಮಾತಾಡ್ತಾ ಇರಿ" ಎನ್ನುತ್ತಿದ್ದಳು. ಒಳಗಿನಿಂದ ಅಪ್ಪಯ್ಯ ಮಂತ್ರವನ್ನೇ ಗಟ್ಟಿಯಾಗಿ ಹೇಳುತ್ತಿದ್ದರು. ಹೂವಿಗೆ ಇಳಿದಳು, ಬಾಳೆಲೆಗೆ ಇಳಿದಳು, ಮರೆತ ತೆಂಗಿನಕಾಯಿಗೆ ಮತ್ತೆ ಇಳಿದಳು. ಒಂದು ಸಲ ಮೆಟ್ಟಿಲ ತಿರುವಿನಲ್ಲಿ ಕೂತಿದ್ದವಳನ್ನು ನಾನೇ ನೋಡಿದೆ. "ಎಂತ ಅಮ್ಮ?" ಎಂದರೆ, "ಎಂತ ಇಲ್ಲ, ಸೆಕೆ. ನೀನು ಅಪ್ಪಯ್ಯನ ಹತ್ರ ಹೋಗು, ಒಬ್ಬರೇ ಇದ್ದಾರೆ" ಎಂದಳು. ನಾನು ಹೋದೆ.

ಮಧ್ಯಾಹ್ನ ಊಟವಾದ ಮೇಲೆ ಆಸ್ಪತ್ರೆಯ ಚೀಲ ಕಟ್ಟಲು ಕೂತೆವು. ಎರಡು ಪಂಚೆ, ಟವೆಲು, ಕನ್ನಡಕದ ಡಬ್ಬಿ, ಔಷಧಿ. ಮಗಳು ಗೆಳತಿಯ ಮನೆಗೆ ಓದಲು ಹೋಗಿದ್ದಳು. ಅಮ್ಮ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಅಪ್ಪಯ್ಯ ದೇವರ ಪೆಟ್ಟಿಗೆಯ ಕೀಲಿಕೈ ನನ್ನ ಕೈಗಿಟ್ಟು, ಬಾಗಿಲ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದರು.

"ಮಗಾ, ಒಂದು ಮಾತು ಹೇಳುದುಂಟು. ಬೈಬಾರ್ದು."

"ಎಂತ?"

"ಸುಳ್ಳು ಇಟ್ಕೊಂಡು ಆಪರೇಷನ್ನಿಗೆ ಹೋಗ್ಬಾರ್ದು ಅಂತ ಕಾಣ್ತದೆ. ನಾನು ಅವತ್ತು ಸ್ನಾನ ಮಾಡಿದೆ."

ನನಗೆ ಥಟ್ಟನೆ ಅರ್ಥವಾಗಲಿಲ್ಲ. "ಯಾವತ್ತು?"

"ಶುಕ್ರವಾರ. ನೀನು ಮಗುವನ್ನು ಬಿಡ್ಲಿಕ್ಕೆ ಹೋದಾಗ. ಸ್ನಾನ ಮಾಡಿ, ಪೂಜೆ ಮುಗ್ಸಿ, ಗಂಧ ಒರೆಸಿ ಕೂತೆ. ನೀನು ಅಷ್ಟು ಹೇಳಿದ್ದಿ, ಆದ್ರೂ ಮನಸ್ಸು ತಡೀಲಿಲ್ಲ. ಆ ಸುಳ್ಳಿಗೇ ಹೀಗಾಯ್ತಾ ಏನೋ."

ನನ್ನ ಸಿಟ್ಟು ನೆತ್ತಿಗೇರಿತು. "ಮಿಷನ್ ಕಟ್ಕೊಂಡೇ ನೀರು ಹಾಕ್ಕೊಂಡ್ರಾ? ಅದು ಹಾಳಾಗಿ, ಕರೆಂಟು ಹೊಡ್ದಿದ್ರೆ? ನೀವೆಂತ ಸಣ್ಣ ಮಗುವಾ ಅಪ್ಪಯ್ಯ?"

"ಅಯ್ಯೋ ರಾಮ, ಇಲ್ಲಪ್ಪ! ಬಿಚ್ಚಿಟ್ಟೇ ಮಾಡಿದ್ದು. ಬರೇ ಬಟನ್ನು ತೆಗೆದದ್ದು, ಬಿಲ್ಲೆ ಹಾಗೇ ಇತ್ತು. ಆಮೇಲೆ ಒರೆಸಿ ಹಾಕ್ಕೊಂಡೆ."

ಬೈಯಲು ಬಾಯಿ ತೆರೆದವಳು ಅಲ್ಲೇ ನಿಂತೆ. ಬಿಚ್ಚಿಟ್ಟಿದ್ದರೆ ಡಬ್ಬಿ ಏನನ್ನೂ ಬರೆಯಬಾರದು. ಮುಕ್ಕಾಲು ಗಂಟೆ ಪೂರ್ತಿ ಖಾಲಿ ಬರಬೇಕಿತ್ತು. ಆದರೆ ನಾನು ಪರದೆಯ ಮೇಲೆ ಕಣ್ಣಾರೆ ನೋಡಿದ್ದೆ, ಗೆರೆ ಎದ್ದು ಬಿದ್ದು ಓಡುತ್ತಿತ್ತು. "ಬಿಚ್ಚಿ ಎಲ್ಲಿಟ್ರಿ?" ಎಂದೆ.

ಅಪ್ಪಯ್ಯ ಅಡುಗೆಮನೆಯ ಕಡೆ ಕತ್ತು ತಿರುಗಿಸಿ, "ಏ, ಬಾ ಇಲ್ಲಿ. ನಾನು ಹೇಳಿಬಿಟ್ಟೆ" ಅಂದರು.

ಅಮ್ಮ ಸೆರಗಿಗೆ ಕೈ ಒರೆಸುತ್ತಾ ಬಂದಳು. ಸಿಕ್ಕಿಬಿದ್ದ ಮುಖ. "ಖಾಲಿ ಬಿಡ್ಬಾರ್ದು ಅಂತ ನೀನೇ ಹೇಳಿದ್ದಲ್ವಾ? ಖಾಲಿ ಹೋದ್ರೆ ಮತ್ತೆ ಇಡೀ ದಿನ ಕಟ್ಬೇಕು ಅಂದಿ. ಇವರು ಸ್ನಾನ ಬಿಡುದಿಲ್ಲ, ನೀನು ಖಾಲಿ ಬಿಡುದಿಲ್ಲ. ನಾನೆಂತ ಮಾಡುದು? ಆ ಕವರಲ್ಲಿ ಐದು ಬಿಲ್ಲೆ ಇತ್ತು. ಇವರ ಎದೆ ನೋಡಿ ಅದೇ ಜಾಗಕ್ಕೆ, ಅದೇ ಬಣ್ಣದ ತಂತಿ, ನಾನು ಹಾಕ್ಕೊಂಡೆ. ಒಂದು ನಿಮಿಷ ಕೂಡ ಆಗ್ಲಿಲ್ಲ, ಟಕ್ ಟಕ್ ಅಂತ ಹಾಕಿದೆ. ಇವರ ಪೂಜೆ ಆದ ಮೇಲೆ ಇವರಿಗೆ ಕೊಟ್ಟೆ."

ಕೊಟ್ಟೆ ಅಂತೆ! ಕೊಡೆ ಬದಲಾಯಿಸಿಕೊಂಡ ಹಾಗೆ. ನಾನು ಗಹಗಹಿಸಿ ನಗಲು ಶುರುಮಾಡಿದೆ. ಹೋದ ಪ್ರಾಣ ಬಂದಂತಾಗಿತ್ತು. ಇಡೀ ದಿನ ಚೆನ್ನಾಗಿದೆ, ನಿದ್ದೆಯಲ್ಲೂ ಚೆನ್ನಾಗಿದೆ ಎಂದು ಡಾಕ್ಟರು ಹೇಳಿದ್ದು ಅಪ್ಪಯ್ಯನದು. ಕೆಟ್ಟದ್ದು ಆ ಮುಕ್ಕಾಲು ಗಂಟೆ ಮಾತ್ರ, ಅದು ಅಪ್ಪಯ್ಯನದೇ ಅಲ್ಲ! "ಅಪ್ಪಯ್ಯ, ನಿಮಗೆ ಎಂತದೂ ಇಲ್ಲ. ಕಲ್ಲುಗುಂಡಿನ ಹಾಗಿದ್ದೀರಿ" ಎಂದೆ. ಅಪ್ಪಯ್ಯನೂ ನಗತೊಡಗಿದರು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅಂಗಡಿಯಲ್ಲಿ ಬಿದ್ದದ್ದು ಏಕಾದಶಿಯ ಮಾರನೇ ದಿನ, ಬರಿಹೊಟ್ಟೆಗೆ ಬೀಪಿ ಮಾತ್ರೆ ನುಂಗಿ ಬಿಸಿಲಲ್ಲಿ ನಡೆದದ್ದಕ್ಕೇ ಇರಬೇಕು ಎಂದು ಆಗ ಅವರೇ ಹೇಳಿದರು. ಅದನ್ನೂ ಇಷ್ಟು ದಿನ ಮುಚ್ಚಿಟ್ಟಿದ್ದರು.

ಅಮ್ಮ ಇಬ್ಬರನ್ನೂ ಮಿಕಿಮಿಕಿ ನೋಡುತ್ತಿದ್ದಳು. "ಹಾಗಾದ್ರೆ ಇವರಿಗೆ ಆಪರೇಷನ್ ಬೇಡ್ವಾ?"

"ಬೇಡ ಅಮ್ಮ, ಇವರಿಗೆ ಬೇಡ."

"ಅಬ್ಬಾ, ದೇವರು ದೊಡ್ಡವನು" ಎಂದವಳೇ ಕೈ ಮುಗಿದು, "ಒಂದು ಹಿಡಿ ಮಲ್ಲಿಗೆ ತಂದು ಏರಿಸ್ತೇನೆ" ಎಂದು ಚಪ್ಪಲಿ ಮೆಟ್ಟಲು ಬಾಗಿಲ ಕಡೆ ಹೊರಟಳು.

ಆಗ ನನಗೆ ಹೊಳೆಯಿತು. ಇವರಿಗೆ ಬೇಡ ಎಂದು ನನ್ನ ಬಾಯಲ್ಲೇ ಬಂದಿತ್ತು. ಹಾಗಾದರೆ ಆ ಸಪಾಟು ಗೆರೆ ಯಾರದು? ಅಮ್ಮನ ಕೈ ಆಗಲೇ ಚಿಲಕದ ಮೇಲಿತ್ತು. ಹೊರಗೆ ಎರಡು ಮಹಡಿಯ ಮೆಟ್ಟಿಲು.

"ಅಮ್ಮಾ, ಕೂತ್ಕೋ!" ಎಂದು ಕಿರುಚಿದೆ. ಕಟ್ಟಡಕ್ಕೆಲ್ಲ ಕೇಳಿಸುವ ಹಾಗೆ.

ಅವಳು ಬೆಚ್ಚಿ ಅಲ್ಲೇ ನಿಂತಳು. "ಎಂತಾಯ್ತು?"

"ಅಲ್ಲೇ, ನೆಲದ ಮೇಲೆ, ಕೂತ್ಕೋ. ಎಲ್ಲಿಗೂ ಹೋಗ್ಬೇಡ."

ಅಪ್ಪಯ್ಯನ ನಗು ನಿಂತಿತ್ತು. ಅವರಿಗೆ ನನಗಿಂತ ಒಂದು ಗಳಿಗೆ ತಡವಾಗಿ ತಿಳಿಯಿತು, ಮುಖ ನೋಡಿದರೆ ಗೊತ್ತಾಗುತ್ತಿತ್ತು. ನಾನು ಹೋಗಿ ಅಮ್ಮನ ಎದುರು ಕುಳಿತು ಅವಳ ಕೈ ಹಿಡಿದುಕೊಂಡೆ. ನೀರಿನಲ್ಲಿ ನೆನೆದು ತಣ್ಣಗಿತ್ತು.

"ಅಮ್ಮ, ಶುಕ್ರವಾರ ಅದನ್ನು ಹಾಕ್ಕೊಂಡಿದ್ದಾಗ ಎಂತ ಮಾಡಿದಿ? ಸರಿಯಾಗಿ ಹೇಳು."

"ಎಂತ ಮಾಡುದು? ದಿನಾ ಮಾಡುದನ್ನೇ. ಹೂವಿಗೆ ಕೆಳಗೆ ಹೋಗಿ ಬಂದೆ. ಡಬ್ಬಿಯನ್ನು ಸೆರಗಿನ ಒಳಗೆ ಇಟ್ಕೊಂಡಿದ್ದೆ, ಯಾರಿಗೂ ಕಾಣ್ಲಿಲ್ಲ. ನೀರು ತುಂಬಿಸಿದೆ. ನೈವೇದ್ಯಕ್ಕೆ ಅನ್ನ ಇಟ್ಟೆ."

"ತಲೆ ತಿರುಗ್ತಾ?"

ಅವಳು ಚಪ್ಪಲಿಯ ಕಡೆ ನೋಡಿದಳು.

"ಅಮ್ಮ, ತಲೆ ತಿರುಗ್ತಾ?"

"ಮೆಟ್ಲು ಹತ್ತುವಾಗ ಸ್ವಲ್ಪ ಕಣ್ಣು ಕತ್ತಲೆ ಬಂತು. ತಿರುವಿನಲ್ಲಿ ಕೂತೆ. ಮತ್ತೆ ಒಲೆ ಹತ್ರ ಒಂದು ಸಲ, ಕಟ್ಟೆ ಹಿಡ್ಕೊಂಡೆ. ಅದು ದಿನಾ ಬರ್ತದೆ, ಮತ್ತೆ ತಾನೇ ಹೋಗ್ತದೆ. ಅದಕ್ಕೆಲ್ಲ ಎಂತ ಹೇಳುದು?"

"ದಿನಾ? ಎಷ್ಟು ದಿನದಿಂದ?"

ಅವಳು ಯೋಚಿಸಿದಳು. "ಮಗು ಒಂಬತ್ತನೇ ಕ್ಲಾಸಿಗೆ ಹೋಗುವಾಗ ಇತ್ತು" ಎಂದಳು. "ಈ ಊರಿನ ಸೆಕೆಗೆ ಯಾರಿಗೆ ಬರುದಿಲ್ಲ ಹೇಳು. ಸುಮ್ನೆ ಗಲಾಟೆ ಮಾಡ್ಬೇಡ. ಇವರು ಚೆನ್ನಾಗಿದ್ದಾರಲ್ಲ, ಅದು ಸಾಕು."

ನಾನು ಡಾಕ್ಟರಿಗೆ ಫೋನು ಮಾಡಿದೆ. ಭಾನುವಾರ ಮಧ್ಯಾಹ್ನ ಅಂತ ನೋಡಲಿಲ್ಲ. ಒಂದೇ ಉಸಿರಿನಲ್ಲಿ ಎಲ್ಲ ಹೇಳಿದೆ. ಡಾಕ್ಟರು ಬೈದರು. "ಓದಿದವರು ನೀವು, ಬಿಚ್ಚಿದ್ರಾ ಅಂತ ನಾನು ಕೇಳಿದಾಗ ಏನು ಹೇಳಿದಿರಿ?" ಬೈಸಿಕೊಳ್ಳುವುದು ನನಗೆ ಹೊಸತು, ಆದರೂ ಬಾಯಿ ಮುಚ್ಚಿಕೊಂಡು ಕೇಳಿದೆ. ಕೊನೆಗೆ ಅವರು ಹೇಳಿದ್ದು ಇಷ್ಟೆ: ಸೋಮವಾರದವರೆಗೆ ಕಾಯಬೇಡಿ, ಈಗಲೇ ಕರೆತನ್ನಿ, ಅವರನ್ನು ಮೆಟ್ಟಿಲು ಇಳಿಸಬೇಡಿ.

ಕೆಳಮನೆಯವರು ಪ್ಲಾಸ್ಟಿಕ್ ಕುರ್ಚಿ ತಂದರು. ಅಮ್ಮನನ್ನು ಅದರಲ್ಲಿ ಕೂರಿಸಿ ಮೂವರು ಹಿಡಿದು ಇಳಿಸಿದರು. ನಾಚಿಕೆಯಿಂದ ಅವಳು ಮುಖಕ್ಕೆ ಸೆರಗು ಹಾಕಿಕೊಂಡಿದ್ದಳು. "ಥೂ, ಎಂತ ಅವತಾರ ಇದು, ಒಲೆ ಮೇಲೆ ಹಾಲುಂಟು" ಎನ್ನುತ್ತಿದ್ದಳು. ಅಪ್ಪಯ್ಯ ಹಿಂದಿನಿಂದ ಆಸ್ಪತ್ರೆಯ ಚೀಲ ಹಿಡಿದುಕೊಂಡು ಇಳಿದರು. ಅದರಲ್ಲಿದ್ದದ್ದು ಅವರದೇ ಪಂಚೆ, ಅವರದೇ ಟವೆಲು. ಬದಲಾಯಿಸಲು ಯಾರಿಗೂ ತೋಚಿರಲಿಲ್ಲ.

ಆಸ್ಪತ್ರೆಯಲ್ಲಿ ಮಂಚದ ಪಕ್ಕದ ಪರದೆಗೆ ಅಮ್ಮನನ್ನು ಜೋಡಿಸಿದರು. ನಾವು ನೋಡುತ್ತಿದ್ದಂತೆಯೇ ಗೆರೆ ಒಮ್ಮೆ ಸಪಾಟಾಯಿತು. ಟೂಂ ಎಂದು ಯಂತ್ರ ಕೂಗಿತು, ನರ್ಸು ಓಡಿ ಬಂದಳು. ಅಮ್ಮ ಕಣ್ಣು ಮುಚ್ಚಿದವಳು ತೆರೆದು, "ಇದೇ, ಹೀಗೇ ಬರುದು" ಎಂದಳು, ಕಳೆದುಹೋದ ಚಮಚ ಸಿಕ್ಕಿದವಳ ಹಾಗೆ. ನಾನು ಮಂಚದ ಕಂಬಿ ಹಿಡಿದುಕೊಂಡೆ. ಸಂಕಟ ಬಂದಾಗ ವೆಂಕಟರಮಣ ಅಂತಾರೆ, ನನಗೆ ಆಗ ಒಂದು ದೇವರ ಹೆಸರೂ ನೆನಪಿಗೆ ಬರಲಿಲ್ಲ.

ಸೋಮವಾರ ಬೆಳಗ್ಗೆ ಪೇಸ್‌ಮೇಕರ್ ಹಾಕಲು ಅವಳನ್ನು ಒಳಗೆ ಕರೆದುಕೊಂಡು ಹೋದರು. ನಾನೂ ಅಪ್ಪಯ್ಯನೂ ಹೊರಗಿನ ಬೆಂಚಿನಲ್ಲಿ ಕೂತೆವು. ನನ್ನ ತಲೆಯಲ್ಲಿ ಒಂದೇ ಯೋಚನೆ. ಅಪ್ಪಯ್ಯ ಶುಕ್ರವಾರ ನನ್ನ ಮಾತು ಕೇಳಿದ್ದರೆ? ಸ್ನಾನ ಬಿಟ್ಟು, ಹಾಳೆಯಲ್ಲಿ ಬರೆದ ಹಾಗೆಯೇ ಸುಮ್ಮನೆ ಕೂತಿದ್ದರೆ? ರಿಪೋರ್ಟು ಶುದ್ಧವಾಗಿ ಬರುತ್ತಿತ್ತು. ನಾವು ಸಿಹಿ ತಂದು ಹಂಚುತ್ತಿದ್ದೆವು. ಅದೇ ಸಂತೋಷಕ್ಕೆ ಅಮ್ಮ ಹೂವು ತರಲು ಮೆಟ್ಟಿಲು ಇಳಿಯುತ್ತಿದ್ದಳು. ಅಲ್ಲಿಂದ ಮುಂದಕ್ಕೆ ಯೋಚಿಸಲು ನನ್ನಿಂದ ಆಗಲಿಲ್ಲ.

ಒಂದೂವರೆ ಗಂಟೆಯ ಮೇಲೆ ಡಾಕ್ಟರು ಹೊರಗೆ ಬಂದು ಎಲ್ಲ ಚೆನ್ನಾಗಿ ಆಯಿತು, ಸಾಯಂಕಾಲ ಮಾತಾಡಬಹುದು ಎಂದರು. ನಾನು ಅವರ ಎರಡೂ ಕೈ ಹಿಡಿದು ಅತ್ತುಬಿಟ್ಟೆ. ಅಪ್ಪಯ್ಯ ಅಳಲಿಲ್ಲ, ಏಳಲೂ ಇಲ್ಲ. ಡಾಕ್ಟರು ಹೋದ ಮೇಲೆ ನಾನು ಪಕ್ಕದಲ್ಲಿ ಕೂತು, "ಅಪ್ಪಯ್ಯ, ಅಮ್ಮ ಹುಷಾರಾದ್ಲು, ಕೇಳಿಸ್ತಾ?" ಎಂದೆ.

"ಕೇಳಿಸ್ತು" ಎಂದರು. ತೊಡೆಯ ಮೇಲಿದ್ದ ಚೀಲವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು. ನನ್ನ ಕಡೆ ನೋಡದೆ, "ದಿನಾ ಕಣ್ಣು ಕತ್ತಲೆ ಬರ್ತಿತ್ತಂತೆ. ಒಂದು ವರ್ಷದಿಂದ" ಎಂದರು. "ನಾನು ಮನೆಯಲ್ಲೇ ಇದ್ದೆನಲ್ಲ ಮಗಾ."

ಏನಾದರೂ ಸಮಾಧಾನ ಹೇಳಬೇಕು ಎಂದು ಬಾಯಿ ತೆರೆದೆ. ಭಾನುವಾರ ಬೆಳಗ್ಗೆ ಮೆಟ್ಟಿಲ ತಿರುವಿನಲ್ಲಿ ಅವಳು ಕೂತದ್ದನ್ನು ಕಂಡೂ ದಾಟಿ ಬಂದವಳು ನಾನು.

"ನಾನೂ ಇದ್ದೆ ಅಪ್ಪಯ್ಯ" ಎಂದೆ.